‘ಹೇಗೆ ಗೊತ್ತಾಯಿತು?’ ಎಂದು ಕೇಳುವವರು

ಹಲಗೆಯ ಮೇಲೆ ಬರೆದಿರುವುದನ್ನು ಮೊದಲು ಓದಿಬಿಡಿ. ಒಂದು ಸಾಲಿನಲ್ಲಿ ನಾಲ್ಕು ಪೆಟ್ಟಿಗೆಗಳಿವೆ. ಬಣ್ಣಗಳು ಕೆಂಪು, ಹಸಿರು, ನೀಲಿ, ಹಳದಿ. ಯಾವ ಕ್ರಮದಲ್ಲಿವೆ ಎಂದು ಗೊತ್ತಿಲ್ಲ. ಒಂದೊಂದರಲ್ಲಿ ಒಂದೊಂದು ವಸ್ತು: ಉಂಗುರ, ನಾಣ್ಯ, ಪತ್ರ, ಕೀಲಿಕೈ. ಸುಳಿವುಗಳು ಐದು. ಹಳದಿ ಪೆಟ್ಟಿಗೆ ಸಾಲಿನ ಯಾವುದೋ ಒಂದು ತುದಿಯಲ್ಲಿದೆ. ಉಂಗುರ ನೀಲಿ ಪೆಟ್ಟಿಗೆಯಲ್ಲಿದೆ. ಪತ್ರ ಎಡದಿಂದ ಎರಡನೆಯ ಪೆಟ್ಟಿಗೆಯಲ್ಲಿದೆ. ನಾಣ್ಯದ ಪೆಟ್ಟಿಗೆ ಕೆಂಪು ಪೆಟ್ಟಿಗೆಯ ಬಲಕ್ಕೆ, ಅದಕ್ಕೆ ತಾಗಿಕೊಂಡೇ ಇದೆ. ಹಸಿರೂ ನೀಲಿಯೂ ಅಕ್ಕಪಕ್ಕದಲ್ಲಿಲ್ಲ. ಯಾವ ಪೆಟ್ಟಿಗೆ ಎಲ್ಲಿದೆ, ಯಾವುದರಲ್ಲಿ ಏನಿದೆ?

ಐದು ನಿಮಿಷ ಯಾರೂ ಮಾತನಾಡಬೇಡಿ. ಪಕ್ಕದವರ ಕಾಗದಕ್ಕೆ ಇಣುಕುವುದೂ ಬೇಡ. ಈ ಮೌನವನ್ನು ಬೇಕೆಂದೇ ಕೇಳುತ್ತಿದ್ದೇನೆ. ಕಾರಣವನ್ನು ತಂಡದ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಸರಿ. ನಿಮ್ಮ ಕಾಗದಗಳನ್ನು ನೋಡುತ್ತ ಬಂದೆ. ಹೆಚ್ಚಿನವರು ನಾಲ್ಕು ಚೌಕ ಬರೆದು, ಎರಡನೆಯದರಲ್ಲಿ ‘ಪತ್ರ’ ಎಂದು ತುಂಬಿ, ಅಲ್ಲಿಗೆ ನಿಂತಿದ್ದೀರಿ. ಐದು ಸುಳಿವುಗಳಲ್ಲಿ ನೇರವಾಗಿ ಜಾಗ ಹೇಳುವುದು ಅದೊಂದೇ. ಅದನ್ನು ತುಂಬಿದ ಮೇಲೆ ಕಣ್ಣು ಅಂಥದೇ ಇನ್ನೊಂದು ಗಟ್ಟಿ ಸುಳಿವನ್ನು ಹುಡುಕುತ್ತದೆ. ಸಿಗದಿದ್ದಾಗ ಕೈ ಊಹೆಗೆ ಇಳಿಯುತ್ತದೆ. ಕೆಲವರು ಹಳದಿಯನ್ನು ಎಡತುದಿಗೆ ಹಾಕಿ, ಆಗಿದ್ದಾಗಲಿ ಎಂದು ಹೊರಟಿದ್ದೀರಿ. ಹೊರಡುವುದು ತಪ್ಪಲ್ಲ, ಆದರೆ ನೀವು ಬರೆದ ‘ಹಳದಿ’ಗೂ ‘ಪತ್ರ’ಕ್ಕೂ ಕಾಗದದ ಮೇಲೆ ಯಾವ ವ್ಯತ್ಯಾಸವೂ ಇಲ್ಲ. ಒಂದು ಖಚಿತ, ಇನ್ನೊಂದು ಪರೀಕ್ಷೆಗೆ ಹಿಡಿದದ್ದು. ಹತ್ತು ನಿಮಿಷ ಕಳೆದ ಮೇಲೆ ಅವೆರಡರಲ್ಲಿ ಯಾವುದು ಯಾವುದೆಂದು ನಿಮಗೇ ನೆನಪಿರುವುದಿಲ್ಲ. ಮುಂದೆ ಎಲ್ಲೋ ಗಂಟು ಬಿದ್ದಾಗ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡುತ್ತೀರಿ.

ಈಗ ಬಿಡಿಸೋಣ. ಈ ಐದರಲ್ಲಿ ಅತ್ಯಂತ ಬಡಪಾಯಿ ಸುಳಿವು ಯಾವುದು? ‘ಹಸಿರೂ ನೀಲಿಯೂ ಅಕ್ಕಪಕ್ಕದಲ್ಲಿಲ್ಲ’ ಎಂಬುದು. ಎಲ್ಲಿವೆ ಎಂದು ಹೇಳದೆ ಎಲ್ಲಿಲ್ಲ ಎಂದಷ್ಟೇ ಹೇಳುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಅರೆಬರೆ ಸುಳಿವನ್ನು ಇಡಿ: ಹಳದಿ ಒಂದು ತುದಿಯಲ್ಲಿದೆ. ಹಳದಿ ತುದಿಗೆ ಹೋಯಿತು ಎಂದರೆ ಉಳಿದ ಮೂರು ಬಣ್ಣಗಳು ಒಂದಕ್ಕೊಂದು ತಾಗಿಕೊಂಡು ಮೂರು ಜಾಗಗಳಲ್ಲಿ ಕೂರುತ್ತವೆ. ಆ ಮೂರರಲ್ಲಿ ಹಸಿರೂ ನೀಲಿಯೂ ಪಕ್ಕಪಕ್ಕ ಇರಬಾರದು. ಹಾಗಾದರೆ ನಡುವೆ ಕೂರುವುದು ಕೆಂಪೇ. ನೋಡಿ, ಎರಡು ಸುಳಿವುಗಳಲ್ಲಿ ಒಂದೂ ಕೆಂಪಿನ ಹೆಸರೆತ್ತಿಲ್ಲ. ಸೇರಿದಾಗ ಕೆಂಪಿನ ಜಾಗವನ್ನು ಹೇಳಿಬಿಟ್ಟವು.

ಇಲ್ಲಿಂದ ದಾರಿ ಎರಡೇ. ಹಳದಿ ಎಡತುದಿಯಲ್ಲಿದ್ದರೆ ಕೆಂಪು ಮೂರನೆಯದು; ನಾಣ್ಯ ಅದರ ಬಲಕ್ಕೆ, ನಾಲ್ಕನೆಯದರಲ್ಲಿ. ನೀಲಿ ಎರಡರಲ್ಲಿ ಅಥವಾ ನಾಲ್ಕರಲ್ಲಿ ಇರಬೇಕು. ಆದರೆ ನೀಲಿಯಲ್ಲಿ ಉಂಗುರವಿದೆ, ಎರಡರಲ್ಲಿ ಪತ್ರವಿದೆ, ನಾಲ್ಕರಲ್ಲಿ ನಾಣ್ಯವಿದೆ. ನೀಲಿಗೆ ಜಾಗವೇ ಇಲ್ಲ. ಆ ದಾರಿ ಮುಚ್ಚಿತು. ಹಾಗಾಗಿ ಹಳದಿ ಬಲತುದಿಯಲ್ಲೇ ಇದೆ, ಕೆಂಪು ಎರಡನೆಯದು, ಅದರಲ್ಲಿ ಪತ್ರ. ನಾಣ್ಯ ಮೂರರಲ್ಲಿ, ನೀಲಿ ಅಲ್ಲಿರಲಾರದು, ಆದ್ದರಿಂದ ನೀಲಿ ಮೊದಲನೆಯದು, ಉಂಗುರ ಅದರಲ್ಲಿ. ಮೂರನೆಯದು ಹಸಿರು. ಉಳಿದ ಕೀಲಿಕೈ ಹಳದಿಯಲ್ಲಿ. ಐದು ಸುಳಿವುಗಳಲ್ಲಿ ಒಂದಾದರೂ ಕೀಲಿಕೈ ಎಂದಿದೆಯೇ? ಇಲ್ಲ. ಆದರೂ ಅದು ಎಲ್ಲಿದೆ ಎಂದು ಪ್ರಮಾಣ ಮಾಡಿ ಹೇಳಬಲ್ಲೆವು.

ಎಡತುದಿ ಎಂದು ಊಹಿಸಿ ಹೊರಟವರಿಗೂ ನಾನು ಈಗ ಮಾಡಿದ್ದಕ್ಕೂ ಏನು ವ್ಯತ್ಯಾಸ ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ನಾನೂ ಎಡತುದಿಯಲ್ಲಿ ಹಳದಿಯನ್ನು ಇಟ್ಟು ನೋಡಿದೆ. ಆದರೆ ಇಡುವ ಮೊದಲೇ ದಾರಿಗಳು ಎರಡೇ ಎಂದು ಗೊತ್ತಿತ್ತು. ಒಂದು ಮುಚ್ಚಿದರೆ ಇನ್ನೊಂದು ತಾನಾಗಿಯೇ ಸಾಬೀತಾಗುತ್ತದೆ. ಅದರ ಜೊತೆಗೆ, ಎರಡು ಕವಲುಗಳಿಗೂ ಸಲ್ಲುವ ಒಂದು ಮಾತನ್ನು, ಅಂದರೆ ಕೆಂಪು ನಡುವೆ ಇದೆ ಎಂಬುದನ್ನು, ಮೊದಲೇ ಗಳಿಸಿಕೊಂಡಿದ್ದೆ. ಕವಲೊಡೆಯುವುದನ್ನು ಎಷ್ಟು ತಡ ಮಾಡುತ್ತೀರೋ ಅಷ್ಟು ಕೆಲಸ ಉಳಿಯುತ್ತದೆ. ಒಡೆಯಲೇಬೇಕಾದಾಗ ಎರಡೇ ಕವಲಿರುವ ಕಡೆ ಒಡೆಯಿರಿ, ನಾಲ್ಕಿರುವ ಕಡೆ ಅಲ್ಲ. ಖಚಿತವಾದದ್ದನ್ನು ಪೆನ್ನಿನಲ್ಲಿ, ಪರೀಕ್ಷೆಗೆ ಹಿಡಿದದ್ದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಇಷ್ಟು ಸಣ್ಣ ಶಿಸ್ತು ತಲೆಯ ಅರ್ಧ ಭಾರವನ್ನು ಇಳಿಸುತ್ತದೆ.

ಇನ್ನು ಓದುವ ಬಗೆ. ‘ಬಲಕ್ಕೆ ಇದೆ’ ಎಂದರೆ ತಾಗಿಕೊಂಡಿದೆಯೋ, ಬಲಭಾಗದಲ್ಲಿ ಎಲ್ಲಾದರೂ ಇರಬಹುದೋ? ಯಾರ ಬಲಕ್ಕೆ? ‘ಯಾವುದೋ ಒಂದು’ ಎಂದರೆ ಒಂದೇ ಒಂದೋ, ಕನಿಷ್ಠ ಒಂದೋ? ಒಗಟು ಬಿಡಿಸಲು ಕೂತವರು ತರ್ಕದಲ್ಲಿ ಎಡವುವುದಕ್ಕಿಂತ ಹೆಚ್ಚಾಗಿ ಓದಿನಲ್ಲಿ ಎಡವುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜೀಬ್ರಾ ಒಗಟು ಎಂದು ಹೆಸರಾದದ್ದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ: ಐದು ಬಣ್ಣದ ಐದು ಮನೆಗಳು, ಐದು ದೇಶದವರು, ಐದು ಪ್ರಾಣಿ, ಐದು ಪಾನೀಯ, ಐದು ಬಗೆಯ ಸಿಗರೇಟು. ಅದು 1962ರ ಡಿಸೆಂಬರಿನಲ್ಲಿ ಲೈಫ್ ಇಂಟರ್‌ನ್ಯಾಷನಲ್ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಕೊನೆಗೆ ಕೇಳುವುದು ಎರಡು ಪ್ರಶ್ನೆ: ನೀರು ಕುಡಿಯುವವರು ಯಾರು, ಜೀಬ್ರಾ ಯಾರದು? ಸುಳಿವುಗಳಲ್ಲಿ ನೀರೂ ಇಲ್ಲ, ಜೀಬ್ರಾವೂ ಇಲ್ಲ. ನಮ್ಮ ಕೀಲಿಕೈಯಂತೆಯೇ ಅವೂ ಕೊನೆಗೆ ಉಳಿಯುವ ಖಾಲಿ ಜಾಗಕ್ಕೆ ಹೋಗಿ ಕೂರಬೇಕು. ಪ್ರಶ್ನೆಯನ್ನು ಕೊನೆಯಲ್ಲಿ ಓದುವವರಿಗೆ ಆ ಎರಡು ಹೆಸರುಗಳು ಕೋಷ್ಟಕದಲ್ಲಿ ಇರಬೇಕೆಂದೇ ಗೊತ್ತಾಗುವುದಿಲ್ಲ. ಆದ್ದರಿಂದ ಪ್ರಶ್ನೆಯನ್ನು ಮೊದಲು ಓದಿ, ಸುಳಿವುಗಳನ್ನು ಆಮೇಲೆ.

ಇದೇ ಒಗಟನ್ನು ಐನ್‌ಸ್ಟೈನ್ ಬಾಲ್ಯದಲ್ಲಿ ರಚಿಸಿದರು, ಜಗತ್ತಿನಲ್ಲಿ ಶೇಕಡ ಎರಡರಷ್ಟು ಜನ ಮಾತ್ರ ಬಿಡಿಸಬಲ್ಲರು ಎಂಬ ಒಕ್ಕಣೆಯೊಂದಿಗೆ ಅದು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿರುತ್ತದೆ. ಈ ಮಾತನ್ನೇ ಒಂದು ಒಗಟಿನಂತೆ ನೋಡಿ. ಅಚ್ಚಾದ ರೂಪದಲ್ಲಿ ಕೂಲ್ ಎಂಬ ಸಿಗರೇಟಿನ ಹೆಸರಿದೆ. ಅದು ಮಾರುಕಟ್ಟೆಗೆ ಬಂದದ್ದು 1933ರಲ್ಲಿ. ಐನ್‌ಸ್ಟೈನ್ ಹುಟ್ಟಿದ್ದು 1879ರಲ್ಲಿ. ಐವತ್ತು ದಾಟಿದ ಬಾಲಕ!

ಮತ್ತೊಂದು ಸಣ್ಣ ಕವಲು ಹಿಡಿದು ವಾಪಸ್ಸು ಬರುತ್ತೇನೆ. ಸುಡೋಕು ಬಿಡಿಸುವವರ ನಡುವೆ ಒಂದು ಹಳೆಯ ಜಗಳವಿದೆ. ಸರಿಯಾದ ಸುಡೋಕುವಿಗೆ ಉತ್ತರ ಒಂದೇ ಇರಬೇಕು. ಆ ಭರವಸೆಯನ್ನೇ ಒಂದು ಸುಳಿವಾಗಿ ಬಳಸಬಹುದೇ? ‘ಇಲ್ಲಿ ಈ ಅಂಕಿ ಬಂದರೆ ಎರಡು ಉತ್ತರಗಳಾಗುತ್ತವೆ, ಆದ್ದರಿಂದ ಬರಲಾರದು’ ಎಂದು ವಾದಿಸಬಹುದೇ? ಸ್ಪರ್ಧೆಯಲ್ಲಿ ಕೂತವರಿಗೆ ಇದು ಸಮಯ ಉಳಿಸುವ ದಾರಿ, ಬಳಸಲಿ. ಮನೆಯಲ್ಲಿ ಕೂತು ಬಿಡಿಸುವಾಗ ನಾನಂತೂ ಬಳಸುವುದಿಲ್ಲ. ಅದು ಒಗಟನ್ನು ಬಿಡಿಸುವ ಬದಲು ಒಗಟು ಕಟ್ಟಿದವರನ್ನು ನಂಬುವ ಕೆಲಸ. ಕಟ್ಟಿದವರು ಎಡವಿದ್ದರೆ ನಮ್ಮ ವಾದವೂ ಅವರ ಜೊತೆಗೇ ಬೀಳುತ್ತದೆ. ಅಂದ ಹಾಗೆ, ಉತ್ತರ ಒಂದೇ ಇರಬೇಕಾದರೆ ಕನಿಷ್ಠ 17 ಅಂಕಿಗಳನ್ನು ಕೊಟ್ಟಿರಲೇಬೇಕು, 16ರಲ್ಲಿ ಆಗುವುದಿಲ್ಲ. ಡಬ್ಲಿನ್ನಿನ ಗಣಿತಜ್ಞ ಗ್ಯಾರಿ ಮೆಕ್‌ಗೈರ್ ಮತ್ತು ಸಂಗಡಿಗರು 2012ರಲ್ಲಿ ಇದನ್ನು ತೋರಿಸಿದರು. ಕಂಪ್ಯೂಟರಿನಿಂದ ಸಾಧ್ಯತೆಗಳನ್ನೆಲ್ಲ ಜಾಲಾಡಿಸಿ ಸಾಧಿಸಿದ ಉತ್ತರ ಅದು. ಒಂದೆರಡು ಪುಟದಲ್ಲಿ ಓದಿ ತಲೆದೂಗುವಂಥ ಚಿಕ್ಕ ಪುರಾವೆ ಸಿಕ್ಕಿದ್ದರೆ ಇನ್ನೂ ಚೆನ್ನಾಗಿತ್ತು.

ಒಬ್ಬರೇ ಬಿಡಿಸುವಾಗಿನ ದೊಡ್ಡ ತೊಂದರೆ ಸಿಕ್ಕಿಕೊಳ್ಳುವುದು. ಅದು ಯಾಕೆ ಆಗುತ್ತದೆ ಎನ್ನುವುದಕ್ಕೆ 1942ರಲ್ಲಿ ಅಬ್ರಹಾಂ ಲೂಚಿನ್ಸ್ ಎಂಬ ಮನೋವಿಜ್ಞಾನಿ ಪ್ರಕಟಿಸಿದ ನೀರಿನ ಜಾಡಿಗಳ ಪ್ರಯೋಗಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ. ಮೂರು ಜಾಡಿಗಳು, 21, 127 ಮತ್ತು 3 ಅಳತೆಯ ನೀರು ಹಿಡಿಯುತ್ತವೆ. 100 ಅಳತೆ ನೀರು ಬೇಕು. ದೊಡ್ಡದನ್ನು ತುಂಬಿ, ಅದರಿಂದ 21 ಒಂದು ಬಾರಿ, 3 ಎರಡು ಬಾರಿ ತೆಗೆದರೆ ಆಯಿತು. ಇದೇ ಸೂತ್ರಕ್ಕೆ ಒಗ್ಗುವ ಇನ್ನೂ ಕೆಲವು ಲೆಕ್ಕಗಳನ್ನು ಜನರಿಗೆ ಕೊಟ್ಟರು. ಆಮೇಲೆ 23, 49 ಮತ್ತು 3ರ ಜಾಡಿಗಳನ್ನು ಕೊಟ್ಟು 20 ಅಳತೆ ಕೇಳಿದರು. ಬಹುಪಾಲು ಜನ ಹಳೆಯ ಸೂತ್ರವನ್ನೇ ಹಿಡಿದು, 49ರಿಂದ 23 ತೆಗೆದು, ಮತ್ತೆ ಎರಡು ಬಾರಿ ಮೂರು ಮೂರು ತೆಗೆದರು. 23ರಿಂದ 3 ತೆಗೆದರೆ ಮುಗಿಯಿತಲ್ಲ! ಹಿಂದಿನ ಲೆಕ್ಕಗಳನ್ನು ಮಾಡದೆ ನೇರವಾಗಿ ಇದಕ್ಕೆ ಬಂದವರಿಗೆ ಅದು ಥಟ್ಟನೆ ಕಂಡಿತು. ಗೆದ್ದ ಸೂತ್ರವೇ ಕಣ್ಣಿಗೆ ಪಟ್ಟಿ ಕಟ್ಟಿತ್ತು.

ಸಿಕ್ಕಿಕೊಂಡಾಗ ಇನ್ನಷ್ಟು ಜೋರಾಗಿ ಅದೇ ದಿಕ್ಕಿಗೆ ತಳ್ಳಬೇಡಿ. ಹೊಸ ಕಾಗದ ತೆಗೆದುಕೊಂಡು, ಖಚಿತವಾದದ್ದನ್ನು ಮಾತ್ರ ನಕಲು ಮಾಡಿ. ನಕಲು ಮಾಡುವಾಗ ಪ್ರತಿಯೊಂದಕ್ಕೂ ‘ಇದು ಹೇಗೆ ಗೊತ್ತಾಯಿತು?’ ಎಂದು ಕೇಳಿಕೊಳ್ಳಿ. ಉತ್ತರಿಸಲಾಗದ ಒಂದು ಸಾಲು ಸಿಕ್ಕೇ ಸಿಗುತ್ತದೆ, ಗಂಟು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದಕ್ಕೂ ಬಗ್ಗದಿದ್ದರೆ ಎದ್ದು ಹೋಗಿ ಬೇರೆ ಕೆಲಸ ಮಾಡಿ. ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳುವುದು ಕಷ್ಟ, ಯಾಕೆಂದರೆ ನಮ್ಮ ಮಾತನ್ನು ನಾವು ಬೇಗ ಒಪ್ಪಿಬಿಡುತ್ತೇವೆ. ತಂಡ ಬೇಕಾಗುವುದು ಇದಕ್ಕೇ.

ಈಗ ಇನ್ನೊಂದು ಒಗಟು. ನಾಲ್ಕು ಕಾರ್ಡುಗಳು. ಪ್ರತಿಯೊಂದರ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಅಂಕಿ. ಮೇಲೆ ಕಾಣುತ್ತಿರುವುದು ಅ, ಕ, 4, 7. ನಿಯಮ ಹೀಗಿದೆ: ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ. ಈ ನಿಯಮ ನಿಜವೋ ಸುಳ್ಳೋ ತಿಳಿಯಲು ಯಾವ ಕಾರ್ಡುಗಳನ್ನು ತಿರುಗಿಸಲೇಬೇಕು? ಕೈ ಎತ್ತಿ. ‘ಅ’ ಮತ್ತು 4 ಎನ್ನುವವರು? ಸಭೆಯ ಬಹುಪಾಲು. ‘ಅ’ ಒಂದೇ ಸಾಕು ಎನ್ನುವವರು? ಕೆಲವರು. ‘ಅ’ ಮತ್ತು 7? ಹಿಂದಿನ ಸಾಲಿನಲ್ಲಿ ಬೆರಳೆಣಿಕೆಯ ಕೈಗಳು ಕಾಣುತ್ತಿವೆ, ಅದೂ ಅರ್ಧಕ್ಕೆ ಎತ್ತಿದವು. ಪೂರ್ತಿ ಎತ್ತಿ, ನೀವೇ ಸರಿ. 4ರ ಹಿಂದೆ ವ್ಯಂಜನವಿದ್ದರೂ ನಿಯಮ ಮುರಿಯುವುದಿಲ್ಲ. ಸಮಸಂಖ್ಯೆಯ ಹಿಂದೆ ಸ್ವರವೇ ಇರಬೇಕು ಎಂದು ಯಾರೂ ಹೇಳಿಲ್ಲ. 7ರ ಹಿಂದೆ ಸ್ವರ ಕಂಡರೆ ಮಾತ್ರ ನಿಯಮ ಅಲ್ಲಿಗೆ ಮುಗಿಯಿತು.

ಬ್ರಿಟನ್ನಿನ ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ಮುಂದಿಟ್ಟ ಒಗಟು ಇದು. ಅಕ್ಷರಗಳನ್ನಷ್ಟೇ ನಾನು ಬದಲಿಸಿದ್ದೇನೆ. ಓದು ಬರಹ ಚೆನ್ನಾಗಿ ಬಲ್ಲವರೇ ಇದರಲ್ಲಿ ಸಾಲುಸಾಲಾಗಿ ಬೀಳುತ್ತಾರೆ. ಇದೇ ನಿಯಮವನ್ನು ಬೇರೆ ವೇಷದಲ್ಲಿ ಕೊಡಿ: ಬಿಯರ್ ಕುಡಿಯುವವರಿಗೆ ಇಷ್ಟು ವಯಸ್ಸಾಗಿರಲೇಬೇಕು, ಯಾರನ್ನು ತಪಾಸಣೆ ಮಾಡುತ್ತೀರಿ? ಬಿಯರ್ ಹಿಡಿದವನನ್ನು ಮತ್ತು ಹುಡುಗನನ್ನು ಎಂದು ಹೆಚ್ಚಿನವರು ತಡವರಿಸದೆ ಹೇಳುತ್ತಾರೆ. 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬ ಸಂಶೋಧಕರು ಇದನ್ನು ತೋರಿಸಿದರು. ಒಣ ಸಂಕೇತಗಳಲ್ಲಿ ಸಿಕ್ಕಿಕೊಂಡಾಗ ಒಗಟಿಗೆ ಮನುಷ್ಯರ ವೇಷ ಹಾಕಿ ನೋಡುವುದು ಒಳ್ಳೆಯ ಉಪಾಯ.

ನನ್ನ ವಿಷಯಕ್ಕೆ ಬೇಕಾದದ್ದು ಇದರ ಮುಂದಿನ ಕಥೆ. 1998ರಲ್ಲಿ ಮೋಶ್‌ಮನ್ ಮತ್ತು ಗೇಲ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಈ ಕಾರ್ಡುಗಳನ್ನು ಕೊಟ್ಟರು. ಒಬ್ಬೊಬ್ಬರೇ ಕೂತ 32 ಮಂದಿಯಲ್ಲಿ ಸರಿ ಉತ್ತರ ತಲುಪಿದವರು ಮೂವರು. ಐದಾರು ಜನರ 20 ಗುಂಪುಗಳಲ್ಲಿ ತಲುಪಿದ್ದು 15. ಐದು ಜನರಲ್ಲಿ ಒಬ್ಬ ಜಾಣ ಇದ್ದ, ಉಳಿದವರು ಅವನ ಹಿಂದೆ ಹೋದರು ಎಂದು ನೀವು ಹೇಳಬಹುದು. ಅಷ್ಟರಿಂದ ಲೆಕ್ಕ ಹೊಂದುವುದಿಲ್ಲ. ಹತ್ತರಲ್ಲಿ ಒಬ್ಬ ಜಾಣ ಎಂದರೆ ಇಷ್ಟೊಂದು ಗುಂಪುಗಳಿಗೆ ಒಬ್ಬೊಬ್ಬ ಹಂಚಿಕೆಯಾಗುವುದಿಲ್ಲ. ಶುರುವಿನಲ್ಲಿ ಒಬ್ಬರೂ ಸರಿ ಹೇಳದಿದ್ದ ಗುಂಪುಗಳೂ ಕೊನೆಗೆ ಸರಿ ಉತ್ತರಕ್ಕೆ ಬಂದಿದ್ದವು. ಏನು ನಡೆದಿರಬಹುದು ಎಂದು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಒಬ್ಬರು ‘4ನ್ನು ತಿರುಗಿಸಬೇಕು’ ಎನ್ನುತ್ತಾರೆ. ಇನ್ನೊಬ್ಬರು ‘ಯಾಕೆ? ಹಿಂದೆ ‘ಕ’ ಇದ್ದರೆ ಏನಾಯಿತು?’ ಎಂದು ಕೇಳುತ್ತಾರೆ. ಹೇಳಲು ಹೊರಟವರ ಬಾಯಲ್ಲೇ ಉತ್ತರ ಕುಸಿಯುತ್ತದೆ. ನಮ್ಮ ತಪ್ಪು ನಮಗೆ ಕಾಣದಿದ್ದರೂ ಪಕ್ಕದವರ ತಪ್ಪು ಚೆನ್ನಾಗಿ ಕಾಣುತ್ತದೆ. ಬೇರೆ ಕಡೆ ಕಿರಿಕಿರಿಯಾಗುವ ಈ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಾಗೆಂದು ತಂಡ ಕಟ್ಟಿದ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ಒಬ್ಬ 60 ಡಾಲರಿಗೆ ಕುದುರೆ ಕೊಂಡು 70ಕ್ಕೆ ಮಾರಿದ. ಅದನ್ನೇ 80 ಕೊಟ್ಟು ಮತ್ತೆ ಕೊಂಡು 90ಕ್ಕೆ ಮಾರಿದ. ಲಾಭವೆಷ್ಟು? ಹತ್ತು ಎನ್ನುವವರು, ಏನೂ ಇಲ್ಲ ಎನ್ನುವವರು ಎಲ್ಲ ಸಭೆಗಳಲ್ಲೂ ಇರುತ್ತಾರೆ. ಕೊಟ್ಟದ್ದು 140, ಬಂದದ್ದು 160, ಲಾಭ 20. ಅಮೆರಿಕದ ವಾಯುಪಡೆಯ ಬಾಂಬರ್ ವಿಮಾನಗಳ ಮೂವರು ಸಿಬ್ಬಂದಿಯ ತಂಡಗಳಿಗೆ ಈ ಲೆಕ್ಕವನ್ನೂ ಇಂಥ ಬೇರೆ ಒಗಟುಗಳನ್ನೂ ಕೊಟ್ಟು, ಟಾರೆನ್ಸ್ ಎಂಬ ಮನೋವಿಜ್ಞಾನಿ 1954ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಿ ಉತ್ತರ ಪೈಲಟ್‌ಗೆ ಹೊಳೆದಿದ್ದರೆ ತಂಡ ಅದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತಿತ್ತು. ಅದೇ ಉತ್ತರ ದರ್ಜೆಯಲ್ಲಿ ಎಲ್ಲರಿಗಿಂತ ಕೆಳಗಿದ್ದ ಗನ್ನರ್‌ಗೆ ಹೊಳೆದಿದ್ದರೆ ತಳ್ಳಿಹಾಕುವುದು ಹೆಚ್ಚಾಗಿತ್ತು. ಲೆಕ್ಕ ಒಂದೇ, ಹೇಳಿದ ಬಾಯಿ ಬೇರೆ. ಸರಿ ಉತ್ತರವಿರುವ ಒಬ್ಬ ಸದಸ್ಯನಿದ್ದರೆ ಸಾಕು, ಸತ್ಯ ಗೆಲ್ಲುತ್ತದೆ ಎಂಬ ಆಶಾವಾದದ ಮಾದರಿಯೊಂದನ್ನು ಸಂಶೋಧಕರು ಐವತ್ತರ ದಶಕದಲ್ಲೇ ರೂಪಿಸಿದ್ದರು. ಆಮೇಲೆ ಕಂಡದ್ದೇನೆಂದರೆ, ಅನೇಕ ಬಗೆಯ ಒಗಟುಗಳಲ್ಲಿ ಸತ್ಯಕ್ಕೂ ಒಬ್ಬ ಬೆಂಬಲಿಗ ಬೇಕು. ಪಕ್ಕದಲ್ಲಿ ಇನ್ನೊಬ್ಬರು ‘ಹೌದಲ್ಲ!’ ಎನ್ನದಿದ್ದರೆ ಅದು ಸದ್ದಿಲ್ಲದೆ ಮುಳುಗುತ್ತದೆ.

ಶುರುವಿನಲ್ಲಿ ಮೌನ ಕೇಳಿದ್ದು ಇದಕ್ಕೆ. ತಂಡವಾಗಿ ಕೂತ ಕೂಡಲೇ ಮಾತು ಶುರುವಾದರೆ ಮೊದಲು ಬಾಯಿ ತೆರೆದವರ ದಾರಿಯೇ ಎಲ್ಲರ ದಾರಿಯಾಗುತ್ತದೆ. ಲೂಚಿನ್ಸರ ಜಾಡಿಗಳಲ್ಲಿ ಒಬ್ಬರ ಕಣ್ಣಿಗೆ ಕಟ್ಟಿದ ಪಟ್ಟಿ ಇಲ್ಲಿ ಐದು ಜನರ ಕಣ್ಣಿಗೆ ಒಟ್ಟಿಗೆ ಬೀಳುತ್ತದೆ. ಆದ್ದರಿಂದ ಮೊದಲು ಸ್ವಲ್ಪ ಹೊತ್ತು ಪ್ರತಿಯೊಬ್ಬರೂ ತಮ್ಮ ಕಾಗದದ ಮೇಲೆ ಬರೆಯಲಿ. ಮಾತು ಶುರುವಾದಾಗ ಕಿರಿಯರು ಮೊದಲು ಹೇಳಲಿ, ಪೈಲಟ್ ಕೊನೆಯಲ್ಲಿ. ಹಲಗೆ ಒಂದೇ ಇರಲಿ, ಬರೆಯುವ ಕೈಯೂ ಒಂದೇ ಇರಲಿ. ಆದರೆ ಬರೆಯುವವರು ಎಲ್ಲರಿಗಿಂತ ವೇಗವಾಗಿ ಯೋಚಿಸುವವರಾಗಿರಬಾರದು ಎಂಬುದನ್ನು ನಾನು ಹಟ ಹಿಡಿದು ಹೇಳುತ್ತೇನೆ. ವೇಗದವರ ಕೈಗೆ ಸುಣ್ಣದ ಕಡ್ಡಿ ಕೊಟ್ಟರೆ ಮೂರು ಹೆಜ್ಜೆಯನ್ನು ಒಂದೇ ಸಾಲಿನಲ್ಲಿ ಬರೆದುಬಿಡುತ್ತಾರೆ, ಉಳಿದವರು ಪ್ರೇಕ್ಷಕರಾಗುತ್ತಾರೆ. ನಿಧಾನದವರು ಬರೆಯಲಿ. ತನಗೆ ಅರ್ಥವಾಗದ ಸಾಲನ್ನು ಬರೆಯುವುದಿಲ್ಲ ಎನ್ನುವ ಅಧಿಕಾರ ಅವರಿಗಿರಲಿ. ‘ಹೇಗೆ ಗೊತ್ತಾಯಿತು?’ ಎಂದು ಕೇಳುವುದೇ ಅವರ ಕೆಲಸ. ಅದನ್ನು ಅಪಮಾನ ಎಂದು ಯಾರೂ ತಿಳಿಯಬಾರದು.

ಎಷ್ಟು ಜನ? ಅಕ್ಷರಗಳಿಗೆ ಅಂಕಿ ಹೊಂದಿಸುವ ಒಂದು ಬಗೆಯ ಒಗಟಿನ ಮೇಲೆ ಲಾಫ್ಲಿನ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂವರು, ನಾಲ್ವರು, ಐವರ ಗುಂಪುಗಳು ಅಷ್ಟೇ ಸಂಖ್ಯೆಯ ಬಿಡಿ ವ್ಯಕ್ತಿಗಳಲ್ಲಿ ಅತ್ಯುತ್ತಮರನ್ನೂ ಮೀರಿಸಿದವು. ಇಬ್ಬರ ಗುಂಪಿಗೆ ಆ ಲಾಭ ಸಿಗಲಿಲ್ಲ. ಮೂವರು ಸಾಕು ಎಂಬುದು ನನ್ನ ಅನುಭವಕ್ಕೂ ಹೊಂದುತ್ತದೆ. ಏಳೆಂಟು ಜನ ಒಂದೇ ಒಗಟಿನ ಸುತ್ತ ಕೂತರೆ ಅದು ಸಭೆಯಾಗುತ್ತದೆ.

ಸುಳಿವುಗಳನ್ನು ಹಂಚಿಕೊಂಡರೆ ಬೇಗ ಮುಗಿಯುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಒಂದೇ ಒಗಟಿನಲ್ಲಿ ಅದು ಕೆಟ್ಟ ಉಪಾಯ. ಹಳದಿಯ ಸುಳಿವು ನನ್ನ ಬಳಿ, ಹಸಿರು–ನೀಲಿಯ ಸುಳಿವು ನಿಮ್ಮ ಬಳಿ ಇದ್ದಿದ್ದರೆ ಕೆಂಪು ನಡುವೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ಹಂಚಬಹುದಾದದ್ದು ಕವಲುಗಳನ್ನು: ಎಡತುದಿಯ ದಾರಿಯನ್ನು ನೀವು ಹಿಡಿಯಿರಿ, ಬಲತುದಿಯದನ್ನು ನಾನು ಹಿಡಿಯುತ್ತೇನೆ. ಒಗಟುಗಳೇ ಹಲವು ಇದ್ದಾಗ ಮಾತು ಬೇರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1981ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಮಿಸ್ಟರಿ ಹಂಟ್ ಎಂಬ ಒಗಟಿನ ಸ್ಪರ್ಧೆಯಲ್ಲಿ ತಂಡಗಳು ದೊಡ್ಡ ಸಂಖ್ಯೆಯ ಒಗಟುಗಳನ್ನು ಬಿಡಿಸುತ್ತ, ಅವುಗಳ ಉತ್ತರಗಳನ್ನು ಸೇರಿಸಿ ಮೇಲಿನ ಹಂತದ ಒಗಟುಗಳನ್ನು ಬಿಡಿಸಿ, ಕೊನೆಗೆ ಬಚ್ಚಿಟ್ಟ ಒಂದು ನಾಣ್ಯವನ್ನು ಹುಡುಕಬೇಕು. ಅಂಥ ಕಡೆ ಹಂಚಿಕೊಳ್ಳದೆ ಗತಿಯಿಲ್ಲ. ಅಲ್ಲಿ ಮುಖ್ಯವಾಗುವುದು, ಎದ್ದು ಹೋಗುವವರು ಬಿಟ್ಟುಹೋಗುವ ಕಾಗದ. ಏನು ಪ್ರಯತ್ನಿಸಿದೆವು, ಯಾವುದು ಯಾಕೆ ಆಗಲಿಲ್ಲ ಎಂದು ಅದರಲ್ಲಿ ಇರದಿದ್ದರೆ ಮುಂದೆ ಬಂದವರು ಅದೇ ಮುಚ್ಚಿದ ದಾರಿಗೆ ಮತ್ತೆ ಹೋಗುತ್ತಾರೆ.

ಉತ್ತರ ಸಿಕ್ಕಿತು ಎಂದು ಕುಣಿಯುವ ಹೊತ್ತಿಗೆ ಒಬ್ಬರು ಸುಮ್ಮನಿರಬೇಕು. ಬಿಡಿಸುವಾಗ ಹೆಚ್ಚು ಮಾತಾಡದಿದ್ದವರೇ ಇದಕ್ಕೆ ತಕ್ಕವರು. ಅವರು ಹಲಗೆಯ ಮೇಲಿನ ತರ್ಕವನ್ನು ನೋಡದೆ, ಬರೀ ಉತ್ತರವನ್ನು ಹಿಡಿದು ಪ್ರತಿಯೊಂದು ಸುಳಿವಿನೊಂದಿಗೆ ತಾಳೆ ನೋಡಲಿ. ಬಿಡಿಸಿದವರೇ ತಾಳೆ ನೋಡಿದರೆ ತಮ್ಮ ಹೆಜ್ಜೆಗಳನ್ನೇ ಮತ್ತೆ ನಡೆಯುತ್ತಾರೆ, ಎಡವಿದ ಕಡೆ ಇನ್ನೊಮ್ಮೆ ಎಡವುತ್ತಾರೆ.

ಉಳಿದ ಸಮಯಕ್ಕೆ ಒಂದು ಒಗಟು ಕೊಡುತ್ತೇನೆ. ಮೂವರಿದ್ದಾರೆ. ಒಬ್ಬೊಬ್ಬರೂ ಯಾವಾಗಲೂ ನಿಜ ಹೇಳುವವರು, ಇಲ್ಲವೇ ಯಾವಾಗಲೂ ಸುಳ್ಳು ಹೇಳುವವರು. ಮೊದಲನೆಯವರು ‘ಎರಡನೆಯವರು ಸುಳ್ಳರು’ ಎನ್ನುತ್ತಾರೆ. ಎರಡನೆಯವರು ‘ಮೂರನೆಯವರು ಸುಳ್ಳರು’ ಎನ್ನುತ್ತಾರೆ. ಮೂರನೆಯವರು ‘ಅವರಿಬ್ಬರೂ ಸುಳ್ಳರು’ ಎನ್ನುತ್ತಾರೆ. ಯಾರು ಏನು? ಎರಡು ನಿಮಿಷ ಒಬ್ಬೊಬ್ಬರೇ, ಆಮೇಲೆ ಮೂವರು ಮೂವರಾಗಿ ಕೂಡಿ. ಉತ್ತರ ಮೊದಲು ಹೊಳೆದವರು ಅದನ್ನು ಹೇಳಬಾರದು. ಉಳಿದಿಬ್ಬರಿಗೆ ಪ್ರಶ್ನೆ ಮಾತ್ರ ಕೇಳಬಹುದು. ಕಾಗದದ ಮೇಲೆ ಮೂವರ ಹೆಸರಿರಲಿ, ಪ್ರತಿ ಹೆಜ್ಜೆಯ ಮುಂದೆ ಅದರ ಕಾರಣವಿರಲಿ. ಉತ್ತರ ಮಾತ್ರ ಬರೆದ ಕಾಗದಗಳನ್ನು ನಾನು ನೋಡುವುದಿಲ್ಲ.